ಒಂದೂವರೆ ಪುಟ

ಜನವರಿ ಬಂತೆಂದರೆ ತಿರುಮಲೇಶ್ವರರ ಫೋನಿಗೆ ಬಿಡುವಿರುವುದಿಲ್ಲ. ಕರೆ ಮಾಡುವವರು ಎಂ.ಎ. ವಿದ್ಯಾರ್ಥಿಗಳು. ಹೆಚ್ಚಿನವರು ಕೊಚ್ಚಿಯ ಕಡೆಯವರು, ಎಲ್ಲರೂ ಮಲಯಾಳಿಗಳು. ಅವರಿಗೆ ಬೇಕಾದದ್ದು ಒಂದೇ: ‘ಬೇಸಗೆಯ ಬಾವಿ’ ಎಂಬ ಹಳೆಯ ಕನ್ನಡ ಸಣ್ಣಕತೆಯ ಮೇಲೆ ಪ್ರಬಂಧ ಬರೆಯುವುದಕ್ಕೆ ಒಂದು ವಿಷಯ. ಕತೆ ಬರೆದವರು ತೀರಿಕೊಂಡು ಬಹಳ ಕಾಲವಾಗಿದೆ. ಅದನ್ನು 1988ರಲ್ಲಿ ಮಲಯಾಳಕ್ಕೆ ತಂದ ತಿರುಮಲೇಶ್ವರರು ಬದುಕಿದ್ದಾರೆ, ತಿರುವನಂತಪುರದಲ್ಲೇ ಇದ್ದಾರೆ, ಕರೆದರೆ ಫೋನು ಎತ್ತುತ್ತಾರೆ.

ಅನುವಾದ ಮಾಡಿದಾಗ ಅವರಿಗೆ ಇಪ್ಪತ್ತೇಳು. ಕಾಸರಗೋಡಿನ ಕುಂಬಳೆಯ ಪಕ್ಕದ ಊರಿನಿಂದ ತಿರುವನಂತಪುರಕ್ಕೆ ಬಂದು ಸರಕಾರಿ ಕಚೇರಿಯಲ್ಲಿ ಕನ್ನಡ ಅನುವಾದಕರಾಗಿ ಸೇರಿ ಮೂರು ವರ್ಷವಾಗಿತ್ತು. ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ, ಒಣಮೆಣಸಿನ ಗೋದಾಮಿನ ಮಾಳಿಗೆಯಲ್ಲಿ ವಾಸ. ಸುತ್ತೋಲೆ, ಭೂತೆರಿಗೆ ನೋಟೀಸು, ತಿದ್ದುಪಡಿ ಕಾಯಿದೆ ಇವನ್ನೆಲ್ಲ ಕಾಸರಗೋಡಿನ ಕನ್ನಡಿಗರು ಓದುವ ಹಾಗೆ ಕನ್ನಡಕ್ಕೆ ಇಳಿಸುವುದು ದಿನದ ಕೆಲಸ. ಆ ಕೆಲಸಕ್ಕೆ ಅನುವಾದಕನ ಹೆಸರು ಬೀಳುವುದಿಲ್ಲ. ಮೂವತ್ತೆರಡು ವರ್ಷಗಳ ನೌಕರಿಯಲ್ಲಿ ಅವರ ಹೆಸರು ಅಚ್ಚಾದದ್ದು ಒಂದು ಸಲ, ಮಲಯಾಳ ವಾರಪತ್ರಿಕೆಯೊಂದರಲ್ಲಿ ಬಂದ ಈ ಕತೆಯ ಕೆಳಗೆ. ಕತೆ ಆಮೇಲೆ ಒಂದು ಸಂಕಲನಕ್ಕೆ ಹೋಯಿತು, ಸಂಕಲನ ಕೊಚ್ಚಿಯ ಪಾಲಾರಿವಟ್ಟಂ ಬಳಿಯ ಕಾಲೇಜೊಂದರ ಪಠ್ಯವಾಯಿತು. ತಿರುಮಲೇಶ್ವರರು ಅಲ್ಲಿನ ಮಕ್ಕಳ ಬಾಯಲ್ಲಿ ‘ತಿರುಮಲೇಶ್ವರನ್ ಸಾರ್’ ಆದರು.

ಕತೆ ಹೀಗಿದೆ. ದೊಡ್ಡ ಮನೆಯೊಂದರಲ್ಲಿ ಬಾಗಿ ಎಂಬವಳು ಭತ್ತ ಕುಟ್ಟುವ ಕೆಲಸಕ್ಕೆ ಬರುತ್ತಾಳೆ. ಒಂದು ದಿನ ಬಾವಿಕಟ್ಟೆಯ ಮೇಲಿಟ್ಟಿದ್ದ ಕಂಚಿನ ಚೆಂಬು ಕಾಣೆಯಾಗುತ್ತದೆ. ಮನೆಯೊಡತಿ ಬಾಗಿಯ ಕಡೆ ಬೆರಳು ತೋರಿಸುತ್ತಾಳೆ. ದೇವರ ಮುಂದೆ ಆಣೆ ಹಾಕು ಅನ್ನುತ್ತಾಳೆ. ಬಾಗಿ ಆಣೆಯನ್ನೂ ಹಾಕುವುದಿಲ್ಲ, ಜಗಳವನ್ನೂ ಆಡುವುದಿಲ್ಲ. ಒನಕೆಯನ್ನು ಗೋಡೆಗೆ ಒರಗಿಸಿ, ತಲೆಗೆ ಸೆರಗು ಹೊದ್ದು ಅಂಗಳ ದಾಟುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು.

ವಿಷಯ ಹಂಚುವುದಕ್ಕೆ ತಿರುಮಲೇಶ್ವರರು ಒಂದು ಪುಸ್ತಕ ಇಟ್ಟಿದ್ದರು. ಕಚೇರಿಯ ರಿಜಿಸ್ಟರಿನಂತೆ ಗೆರೆ ಎಳೆದು, ವರ್ಷ, ಹೆಸರು, ಕಾಲೇಜು, ಕೊಟ್ಟ ವಿಷಯ ಎಂದು ನಾಲ್ಕು ಅಂಕಣ. ಒಟ್ಟು ಇಪ್ಪತ್ತೆರಡು ವಿಷಯಗಳು. ಒಮ್ಮೆ ಕೊಟ್ಟ ವಿಷಯವನ್ನು ಮೂರು ವರ್ಷ ಯಾರಿಗೂ ಕೊಡಕೂಡದು ಎಂಬುದು ಅವರೇ ಮಾಡಿಕೊಂಡ ನಿಯಮ.

“ಗ್ಯಾಸ್ ಸಿಲಿಂಡರಿನ ಹಾಗೆ ಆಯ್ತಲ್ಲ ನಿಮ್ಮದು, ಸರದಿ ಪ್ರಕಾರ,” ಎಂದು ಹೆಂಡತಿ ಸರೋಜಿನಿ ನಗುವುದುಂಟು. “ಖಾಲಿಯಾದ್ರೆ ಎಂತ ಮಾಡ್ತೀರಿ?”

“ಒಳ್ಳೆ ಕತೆ ಖಾಲಿ ಆಗುದಿಲ್ಲ ಮಾರಾಯ್ತಿ.”

ಇಪ್ಪತ್ತೆರಡರಲ್ಲಿ ಮೊದಲನೆಯದು, ‘ಬಾಗಿಯ ಮೌನ’, ಅವರ ಮುದ್ದಿನ ವಿಷಯ. ಅದನ್ನು ಎಲ್ಲರಿಗೂ ಕೊಡುತ್ತಿರಲಿಲ್ಲ. ಹತ್ತೊಂಬತ್ತನೆಯದು ‘ಶೀರ್ಷಿಕೆಯ ಸಂಕೇತ’. ಅದು 2009ರಲ್ಲಿ ಅಜಿತ್ ಎಂಬ ಹುಡುಗನ ಪ್ರಶ್ನೆಯಿಂದ ಹುಟ್ಟಿದ್ದು. “ಸಾರ್, ಕತೆಯಲ್ಲಿ ಬೇಸಗೆಯೇ ಬರುವುದಿಲ್ಲ. ಬಾವಿ ಬರುವುದು ಒಂದೇ ಸಲ. ಮತ್ತೆ ಈ ಹೆಸರು ಯಾಕೆ?” ಎಂದು ಅವನು ಕೇಳಿದ್ದ. ತಿರುಮಲೇಶ್ವರರು ಅರ್ಧ ಗಂಟೆ ಮಾತಾಡಿದ್ದರು. ಬೇಸಗೆ ಎಂದರೆ ಆತ್ಮದ ಬರ, ಬಾವಿ ಎಂದರೆ ಹೆಣ್ಣಿನ ಒಳಮನಸ್ಸು ಎಂದಿದ್ದರು. ಅಜಿತನಿಗೆ ಆ ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಅವನೇ ಈಗ ಅದೇ ಕಾಲೇಜಿನಲ್ಲಿ ಅಧ್ಯಾಪಕ.

ಈ ವರ್ಷ ಅಜಿತನ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಕನ್ನಡದ ಹುಡುಗಿ, ಗ್ರೀಷ್ಮಾ. ತಂದೆ ಶ್ರೀಕಂಠ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ತಾಯಿ ಪ್ರೇಮ ಮೈಸೂರಿನವರು. ಗ್ರೀಷ್ಮಾ ಹುಟ್ಟಿ ಬೆಳೆದದ್ದು ಇಲ್ಲಿ. ಈಗ ಕೊಚ್ಚಿಯ ಅಂಚಿನ ತ್ರಿಪ್ಪುಣಿತ್ತುರದಲ್ಲಿ ಪಿ.ಜಿ. ವಸತಿಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ರಜೆಗೆ ಬಂದಾಗ ಪ್ರೇಮ ಅವಳನ್ನು ತಿರುಮಲೇಶ್ವರರ ಮನೆಗೆ ಕರೆತಂದರು.

“ಇವ್ಳಿಗೆ ಕನ್ನಡ ಅರ್ಥ ಆಗತ್ತೆ ಸಾರ್, ಓದೋದು ಮಾತ್ರ ಒಂದನೇ ಕ್ಲಾಸ್ ಮಕ್ಕಳ ಥರ,” ಎಂದರು ಪ್ರೇಮ.

“ಅಮ್ಮಾ!” ಎಂದಳು ಗ್ರೀಷ್ಮಾ. “ಬಸ್ ಬೋರ್ಡ್ ಎಲ್ಲ ಓದ್ತೀನಿ ನಾನು.”

“ಓದ್ತಾಳೆ, ಬಸ್ ಹೋದ್ಮೇಲೆ.”

ತಿರುಮಲೇಶ್ವರರು ನಕ್ಕರು. ಇಷ್ಟು ವರ್ಷಗಳಲ್ಲಿ ವಿಷಯ ಕೇಳಿಕೊಂಡು ಮನೆಗೆ ಬಂದ ಮೊದಲ ಕನ್ನಡದ ಮಗು. ಸರೋಜಿನಿ ಅವಲಕ್ಕಿ, ಚಹಾ ತಂದಿಟ್ಟರು. ತಿರುಮಲೇಶ್ವರರು ಪುಸ್ತಕ ತೆರೆದು ಮೊದಲನೆಯ ವಿಷಯವನ್ನೇ ಅವಳ ಹೆಸರಿಗೆ ಬರೆದರು. ಆಮೇಲೆ ಯಾರೂ ಕೇಳದಿದ್ದರೂ, ಮಗಳೇ ಎಂದು ಮಲಯಾಳದಲ್ಲಿ ಕರೆದು, ಒಂದು ಮಾತು ಸೇರಿಸಿದರು:

“ನೀನು ಮೂಲದಲ್ಲೇ ಓದು ಮೋಳೇ. ಅನುವಾದ ಎಷ್ಟಾದ್ರೂ ಅನುವಾದ.”

ಮೂರು ವಾರ ಕಳೆದ ಮೇಲೆ, ಅವರು ಚಾಲೈಯಲ್ಲಿ ಕೊತ್ತಂಬರಿ ಬೀಜ ಕೊಳ್ಳುತ್ತಿದ್ದಾಗ ಗ್ರೀಷ್ಮಾಳ ಕರೆ ಬಂತು. ಮೈಸೂರಿನಲ್ಲಿರುವ ಅಜ್ಜಿ ಸುಮಿತ್ರಮ್ಮನ ಹತ್ತಿರ ಆ ಕತೆಯಿದ್ದ ಹಳೆಯ ಪುಸ್ತಕ ಸಿಕ್ಕಿದೆ, ಅಜ್ಜಿ ಫೋನಿನಲ್ಲಿ ಓದಿ ಹೇಳಿದ್ದಾರೆ ಎಂದಳು.

“ಅಂಕಲ್, ಒಂದು ಡೌಟ್. ಬಾಗಿ ಹೋದ್ಮೇಲೆ ಬಾವಿದು ಬರುತ್ತಲ್ಲ, ಅದು ಟ್ರಾನ್ಸ್‌ಲೇಶನ್‌ನಲ್ಲಿ ಯಾಕಿಲ್ಲ?”

ಯಾವ ಬಾವಿ ಎಂಬ ಪ್ರಶ್ನೆ ತಿರುಮಲೇಶ್ವರರ ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ಚೀಲ ಹೊತ್ತ ಹಮಾಲಿಗಳು ದಾರಿ ಬಿಡಿ ಎಂದು ಕೂಗುತ್ತಿದ್ದರು. ಅವರು ಅಂಗಡಿಯ ಕಂಬಕ್ಕೆ ಒತ್ತಿ ನಿಂತರು.

“ಅದು… ಎರಡು ಪಾಠ ಉಂಟು ಮೋಳೇ,” ಎಂದರು.

“ಟೂ ವರ್ಶನ್ಸ್?”

“ಹೌದು. ಉದ್ದದ್ದು ಮೊದಲು ಬರೆದದ್ದು. ಆಮೇಲೆ ಕತೆ ಬರೆದವರೇ ಕೊನೆಯನ್ನು ತೆಗೆದರು. ನಾನು ಅನುವಾದ ಮಾಡಿದ್ದು ತಿದ್ದಿದ್ದನ್ನು.”

“ಅಯ್ಯೋ ಅಂಕಲ್, ಸೂಪರ್! ಇದೇ ಒಂದು ಟಾಪಿಕ್ ಅಲ್ವಾ?”

ಮಾತು ಮುಗಿಯುವುದಕ್ಕೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಅಷ್ಟರಲ್ಲಿ ಸುಳ್ಳು ಹೇಳಿ ಆಗಿತ್ತು. ಅದು ಎಷ್ಟು ನಯವಾಗಿ ಬಂತೆಂದರೆ, ಯಾವಾಗಲೋ ಯಾರಿಗೋ ಹೇಳುವುದಕ್ಕೆಂದು ಒಳಗೇ ಸಿದ್ಧವಾಗಿತ್ತೇನೋ ಎಂದು ಅವರಿಗೆ ಅನ್ನಿಸಿತು. ಕೊತ್ತಂಬರಿ ಬೀಜವನ್ನು ಅಂಗಡಿಯಲ್ಲೇ ಮರೆತು ಮನೆಗೆ ಬಂದರು.

ಮಂಚದ ಕೆಳಗಿನ ಟ್ರಂಕಿನಲ್ಲಿ ಅವರ ಒಂಬತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕವಿತ್ತು. ಚಾಲೈಯ ಕೋಣೆಯಲ್ಲಿ, ಊರಿನ ನೆನಪು ಕಾಡಿದ ಸಂಜೆಗಳಲ್ಲಿ ಓದುತ್ತಿದ್ದುದು ಅದನ್ನೇ. ಕತೆಯನ್ನು ಅನುವಾದಿಸಿದ್ದೂ ಅದರಿಂದಲೇ. ಪುಟ ತಿರುವಿದರು. ಬಾಗಿ ಅಂಗಳ ದಾಟುತ್ತಾಳೆ. ಅದರ ಕೆಳಗೆ ಪದಗಳ ಅರ್ಥ. ಅದರ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು: ‘ಪಠ್ಯದ ಅನುಕೂಲಕ್ಕಾಗಿ ಸಂಕ್ಷೇಪಿಸಲಾಗಿದೆ.’

ತನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಅವರು ಒಂದು ಕ್ಷಣ ಪ್ರಯತ್ನಪಟ್ಟರು. ಆದರೆ ಗೊತ್ತಿತ್ತು. ಆ ಸಾಲನ್ನು 1988ರಲ್ಲೇ ನೋಡಿದ್ದರು. ನಡುವೆ ಎಲ್ಲೋ ನಾಲ್ಕು ವರ್ಣನೆಯ ಸಾಲು ಬಿಟ್ಟಿರಬಹುದು ಎಂದುಕೊಂಡಿದ್ದರು. ಮೂಲ ಪುಸ್ತಕ ಬೇಕಾದರೆ ಮೈಸೂರಿಗೆ ಕಾಗದ ಬರೆದು ಕಾಯಬೇಕಿತ್ತು. ವಾರಪತ್ರಿಕೆಯವರು ಹತ್ತು ದಿನದೊಳಗೆ ಕೊಡಿ ಎಂದಿದ್ದರು. ಹೆಸರು ಅಚ್ಚಾಗುವ ಆತುರ ಅವರಿಗೂ ಇತ್ತು. ಆಮೇಲೆ ಆ ಸಾಲನ್ನು ಮರೆತರು, ಅಥವಾ ಮರೆಯುವುದು ಸುಲಭವಾಯಿತು.

ಇಷ್ಟು ವರ್ಷ ಯಾರೂ ಹಿಡಿಯಲಿಲ್ಲ ಯಾಕೆ ಎಂಬುದೂ ಅವರಿಗೆ ಈಗ ಹೊಳೆಯಿತು. ಕತೆಯನ್ನು ಪೂರ್ತಿ ಓದಿದ ಕರ್ನಾಟಕದವರು ಮಲಯಾಳ ಓದುವುದಿಲ್ಲ. ಮಲಯಾಳದಲ್ಲಿ ಓದಿದವರಿಗೆ ಕನ್ನಡ ಬರುವುದಿಲ್ಲ. ಎರಡೂ ಬರುವವರು ಕಾಸರಗೋಡಿನವರು, ಮತ್ತು ಅವರ ವಾರಿಗೆಯ ಕಾಸರಗೋಡಿನವರೆಲ್ಲ ಶಾಲೆಯಲ್ಲಿ ಓದಿದ್ದು ಇದೇ ಪಠ್ಯಪುಸ್ತಕ.

ಸಂಜೆಗೆ ಗ್ರೀಷ್ಮಾ ಅಜ್ಜಿಯಿಂದ ತರಿಸಿದ ಉಳಿದ ಪುಟಗಳ ಫೋಟೊಗಳನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಎರಡು ದಿನ ಅವರು ತೆರೆಯಲಿಲ್ಲ. ತೆರೆದರೆ ನೀಲಿ ಗೆರೆ ಬೀಳುತ್ತದೆ, ನೋಡಿದ್ದು ಅವಳಿಗೆ ಗೊತ್ತಾಗುತ್ತದೆ. ಮೂರನೆಯ ದಿನ, ಸರೋಜಿನಿ ದೇವಸ್ಥಾನಕ್ಕೆ ಹೋಗಿದ್ದಾಗ ಓದಿದರು. ಒಟ್ಟು ಒಂದೂವರೆ ಪುಟ.

ಬೇಸಗೆ ಬರುತ್ತದೆ. ಬಾವಿ ಬತ್ತುತ್ತ ಬರುತ್ತದೆ. ಮಧ್ಯಾಹ್ನ ಒಬ್ಬಳೇ ನೀರು ಸೇದುತ್ತಿದ್ದ ಮನೆಯೊಡತಿಗೆ ತಳದ ಕೆಸರಿನಲ್ಲಿ ಏನೋ ಹೊಳೆದಂತೆ ಕಾಣುತ್ತದೆ. ಪಾತಾಳಗರಡಿ ಇಳಿಬಿಟ್ಟು, ಅದರ ಕೊಕ್ಕೆಗಳಲ್ಲಿ ಸಿಕ್ಕಿಸಿ ಮೇಲೆತ್ತುತ್ತಾಳೆ. ಅದೇ ಚೆಂಬು. ಸೆರಗಿನಿಂದ ಒರೆಸುತ್ತಾಳೆ. ಆಚೆ ಮನೆಯ ಅಂಗಳದಿಂದ ಭತ್ತ ಕುಟ್ಟುವ ಸದ್ದು ಕೇಳುತ್ತಿರುತ್ತದೆ, ಬಾಗಿಯ ಒನಕೆಯ ಸದ್ದು. ಒಡತಿ ಸುತ್ತ ನೋಡುತ್ತಾಳೆ. ಯಾರೂ ಇಲ್ಲ. ಚೆಂಬನ್ನು ಮತ್ತೆ ಬಾವಿಗೆ ಬಿಡುತ್ತಾಳೆ, ನೀರು ತಿಳಿಯಾಗುವವರೆಗೆ ಕಾದು, ಕೊಡ ತುಂಬಿಸಿಕೊಂಡು ಒಳಗೆ ಹೋಗುತ್ತಾಳೆ.

ತಿರುಮಲೇಶ್ವರರು ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ಮೌನ ಬಾಗಿಯದಲ್ಲ, ಒಡತಿಯದು. ಬಾಗಿ ಇನ್ನೊಂದು ಮನೆಯಲ್ಲಿ ಒನಕೆ ಹಿಡಿದಿದ್ದಾಳೆ, ಅಷ್ಟೆ. ತಾನು ಹಂಚಿದ ಇಪ್ಪತ್ತೆರಡು ವಿಷಯಗಳಲ್ಲಿ ಎಷ್ಟು ಉಳಿಯುತ್ತವೆ ಎಂದು ಪುಸ್ತಕ ತೆರೆದು ನೋಡಿದರು. ಬೆರಳಿಟ್ಟು ಕೆಳಗಿಳಿಯುತ್ತ ಹೋದರು. ಐದು ಉಳಿದವು. ಆ ಐದೂ ಬೇರೆ ಯಾವ ಕತೆಗಾದರೂ ಹೊಂದುವಂಥವು.

ಮರುದಿನ ಗ್ರೀಷ್ಮಾಳ ಧ್ವನಿಯಲ್ಲಿ ಸಂಭ್ರಮವಿತ್ತು. ಅಜಿತ್ ಸಾರಿಗೆ ತುಂಬ ಇಷ್ಟವಾಗಿದೆ. ಹಳೆಯ ವಿಷಯ ಬಿಟ್ಟು ಹೊಸದನ್ನೇ ಬರೆಯಲು ಹೇಳಿದ್ದಾರೆ: ಲೇಖಕ ತನ್ನ ಕತೆಯ ಕೊನೆಯನ್ನು ತಾನೇ ಅಳಿಸಿದ್ದೇಕೆ? ಬರುವ ಶನಿವಾರ ಕಾಲೇಜಿನ ವಿಚಾರಸಂಕಿರಣದಲ್ಲಿ ಓದಬೇಕು, ಆಮೇಲೆ ಸಂಶೋಧನ ಪತ್ರಿಕೆಗೆ ಕಳಿಸುತ್ತಾರೆ.

“ಫುಟ್‌ನೋಟ್‌ನಲ್ಲಿ ನಿಮ್ಮ ಹೆಸರು ಹಾಕಿದೀನಿ ಅಂಕಲ್. ಅನುವಾದಕರ ಜೊತೆ ಮಾತುಕತೆ ಅಂತ. ತಿದ್ದಿದ್ದು ಯಾವ ವರ್ಷ ಬಂತು, ನೆನಪಿದ್ಯಾ?”

“ನೋಡಿ ಹೇಳ್ತೇನೆ,” ಎಂದರು ಅವರು.

ಹೇಳುವುದಕ್ಕೆ ವರ್ಷವಿರಲಿಲ್ಲ. ಪ್ರಬಂಧ ಕರ್ನಾಟಕದ ಯಾರಾದರೊಬ್ಬರ ಕೈಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ ಅದೇ: ತಿದ್ದಿದ ಆವೃತ್ತಿ ಎಲ್ಲಿದೆ? ಉತ್ತರ ಕೊಡಬೇಕಾದವಳು ಇಪ್ಪತ್ತೆರಡು ವರ್ಷದ ಹುಡುಗಿ. ಇಲ್ಲದ ಆಧಾರವನ್ನು ಸೃಷ್ಟಿಸಿದಳು ಎಂಬ ಮಾತು ಅವಳ ಹೆಸರಿಗೆ ಅಂಟುತ್ತದೆ.

ಮೂರು ದಿನ ಅವರು ಫೋನು ಕೈಗೆತ್ತಿಕೊಂಡು ಕೆಳಗಿಟ್ಟರು. ಊಟಕ್ಕೆ ಕೂತಾಗ ಸರೋಜಿನಿ ಕೇಳಿದರು, “ಎಂತ ಆಗಿದೆ ನಿಮಗೆ? ಸಾಂಬಾರಿಗೆ ಉಪ್ಪು ಹಾಕಿಲ್ಲ, ನೀವು ಎರಡು ಸಲ ಬಡಿಸಿಕೊಂಡ್ರಿ.”

ಹೇಳಿದರು. ಸರೋಜಿನಿ ಕೈಯ ಸೌಟನ್ನು ಕೆಳಗಿಟ್ಟರು.

“ನಾನೂ ಶಾಲೆಯಲ್ಲಿ ಅಷ್ಟೇ ಓದಿದ್ದು,” ಎಂದರು. “ತಪ್ಪು ಯಾರಿಗೂ ಆಗ್ತದೆ. ಆದ್ರೆ ಆ ಹುಡುಗಿಗೆ ಹಾಗೆ ಹೇಳಿದ್ದು…” ಅವರು ತಟ್ಟೆಯ ಅಂಚನ್ನು ನೋಡುತ್ತ ಇದ್ದರು. “ನನ್ನ ಅವಲಕ್ಕಿ ತಿಂದು ಹೋದ ಮಗು ಅದು.”

ಶುಕ್ರವಾರ ಬೆಳಗಿನ ರೈಲಿಗೆ ತಿರುಮಲೇಶ್ವರರು ಹೊರಟರು. ಪಠ್ಯಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ವಿಷಯಗಳ ಪುಸ್ತಕವನ್ನೂ ಜೊತೆಗಿಟ್ಟುಕೊಂಡಿದ್ದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದರು. ಕೊಲ್ಲಂ ದಾಟುವಾಗ ಅದರಲ್ಲಿ ವಾರಪತ್ರಿಕೆಯ ಗಡುವು ಇತ್ತು, ಮೈಸೂರಿನ ದೂರ ಇತ್ತು, ವಯಸ್ಸು ಇತ್ತು. ಕೋಟ್ಟಯಂ ಬರುವಷ್ಟರಲ್ಲಿ ಒಂದೊಂದಾಗಿ ಬಿಟ್ಟುಹೋದವು. ತ್ರಿಪ್ಪುಣಿತ್ತುರದಲ್ಲಿ ಇಳಿದಾಗ ಉಳಿದದ್ದು ಒಂದು ವಾಕ್ಯ.

ಮೆಟ್ರೊ ನಿಲ್ದಾಣದ ಎದುರಿನ ಚಹಾ ಅಂಗಡಿಗೆ ಗ್ರೀಷ್ಮಾ ಬಂದಳು. ಕೂದಲು ಇನ್ನೂ ಒದ್ದೆ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ.

“ಇಷ್ಟು ದೂರ ಯಾಕೆ ಬಂದ್ರಿ ಅಂಕಲ್? ಫೋನಲ್ಲೇ ಹೇಳ್ಬಹುದಿತ್ತಲ್ಲ?”

“ಫೋನಿನಲ್ಲಿ ಹೇಳಿಯೇ ಹೀಗಾದದ್ದು ಮೋಳೇ.”

ಪಠ್ಯಪುಸ್ತಕ ಬಿಡಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಗ್ರೀಷ್ಮಾ ಪುಟದ ಮೇಲೆ ಬಗ್ಗಿ ಓದಿದಳು. ಅವಳಿಗೆ ಓದಲು ಬರುವುದು ಒಂದೊಂದೇ ಅಕ್ಷರ. “ಪ… ಠ್ಯ… ದ… ಅನು… ಕೂಲ… ಸಂ… ಕ್ಷೇ…” ತಿರುಮಲೇಶ್ವರರಿಗೆ ಬೆರಳು ತೆಗೆಯಬೇಕೆನ್ನಿಸಿತು. ತೆಗೆಯಲಿಲ್ಲ. ಪಕ್ಕದ ಮೇಜಿನವರು ತಿರುಗಿ ನೋಡಿದರು.

“ಹಾಗಂದ್ರೆ?”

“ಕಡಿಮೆ ಮಾಡಿದ್ದು. ಕತ್ತರಿಸಿದ್ದು.”

“ಯಾರು, ರೈಟರಾ?”

“ಅಲ್ಲ. ಪಾಠಪುಸ್ತಕ ಮಾಡಿದವರು. ನಾನು ಪೂರ್ತಿ ಕತೆ ಓದಿರ್ಲಿಲ್ಲ. ನೀನು ಕಳಿಸಿದ ಮೇಲೆಯೇ ಓದಿದ್ದು.”

“ಹಾಗಾದ್ರೆ ಎರಡನೇ ವರ್ಶನ್?”

“ಇಲ್ಲ. ನಾನು ಹೇಳಿದ್ದು ಸುಳ್ಳು.”

ಗ್ರೀಷ್ಮಾ ಚಹಾದ ಲೋಟವನ್ನು ದೂರ ಸರಿಸಿದಳು. ಅವಳಿಗೆ ಸಿಟ್ಟು ಬಂದಾಗ ಮಲಯಾಳವೇ ಬರುತ್ತದೆ. “ಎಂದಿನಾ ಅಂಕಲ್?” ಎಂದಳು. ಯಾಕೆ ಎಂದು. ಆಮೇಲೆ ಕನ್ನಡದಲ್ಲಿ, ನಿಧಾನವಾಗಿ: “ನಾನು ಎಲ್ಲರಿಗೂ ಹೇಳ್ದೆ. ಸರ್‌ಗೆ, ಕ್ಲಾಸಿಗೆ, ಅಜ್ಜಿಗೆ. ಅಜ್ಜಿ, ಹಾಗೆಲ್ಲ ಇಲ್ಲ ಕಣೇ ಅಂದ್ರು. ನಿಮಗೆ ಗೊತ್ತಿಲ್ಲ ಅಜ್ಜಿ ಅಂತ ಜಗಳ ಆಡ್ದೆ. ಅಂಕಲ್ ಹೇಳಿದಾರೆ ಅಂತ.”

ತಿರುಮಲೇಶ್ವರರು ತಲೆ ತಗ್ಗಿಸಿ ಕೂತರು. ಕ್ಷಮಿಸು ಎಂಬ ಮಾತು ಬಾಯಿಗೆ ಬಂದರೂ, ಅದನ್ನು ಹೇಳಿದರೆ ಈಗ ಅವಳು ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ತೋರಿ, ಪಠ್ಯಪುಸ್ತಕವನ್ನು ಅವಳ ಕಡೆ ಸರಿಸಿದರು.

ಗ್ರೀಷ್ಮಾ ಹೊರಗೆ ಹೋಗಿ ಅಜಿತನಿಗೆ ಫೋನು ಮಾಡಿದಳು. ಗಾಜಿನಾಚೆ ಅವಳ ಕೈ ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಹತ್ತು ನಿಮಿಷ ಬಿಟ್ಟು ಬಂದವಳು ಎದುರು ಕೂತು ಫೋನನ್ನು ಮೇಜಿನ ನಡುವೆ ಇಟ್ಟಳು.

“ಇದನ್ನೇ ಬರಿ ಅಂದ್ರು ಸರ್. ಅನುವಾದ ಹೇಗೆ ಆಯ್ತು, ಯಾಕೆ ಯಾರಿಗೂ ಗೊತ್ತಾಗ್ಲಿಲ್ಲ, ಎಲ್ಲ. ನೀವು ಒಪ್ಪಿದ್ರೆ ಮಾತ್ರ. ರೆಕಾರ್ಡ್ ಮಾಡ್ಲಾ?”

“ಮಾಡು.”

ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಆ ಸಾಲನ್ನು ಯಾವಾಗ ನೋಡಿದಿರಿ? ನೋಡಿ ಏನು ಮಾಡಿದಿರಿ? ಎಷ್ಟು ಜನರಿಗೆ ವಿಷಯ ಕೊಟ್ಟಿರಿ? ಅದಕ್ಕೆ ವಿಷಯಗಳ ಪುಸ್ತಕವನ್ನೇ ಅವಳ ಮುಂದೆ ಇಟ್ಟರು. ಅರುವತ್ತೇಳು ಹೆಸರುಗಳಿದ್ದವು. ಕೊನೆಯ ಪ್ರಶ್ನೆಯನ್ನು ಅವಳು ಅವರ ಮುಖ ನೋಡದೆ ಕೇಳಿದಳು.

“ನಿಜ ಗೊತ್ತಾದಾಗ ಏನು ಮಾಡಿದ್ರಿ?”

ಫೋನಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಮೇಲೆ ಮೆಟ್ರೊ ಬಂದು ನಿಂತು ಹೊರಟಿತು.

“ವಿದ್ಯಾರ್ಥಿನಿಗೆ ಸುಳ್ಳು ಹೇಳಿದೆ.”

“ಇದು ಬರೀಬೇಕಾ ಅಂಕಲ್?”

“ಬರಿ. ನನ್ನ ಹೆಸರೂ ಹಾಕು.”

ಆ ರಾತ್ರಿ ತ್ರಿಪ್ಪುಣಿತ್ತುರದ ಲಾಡ್ಜಿನಲ್ಲಿ ಉಳಿದು, ಮರುದಿನ ಕಾಲೇಜಿನ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಅಜಿತ್ ತಮಗೆಂದು ಕಾದಿರಿಸಿದ್ದ ಕುರ್ಚಿಗೆ ಹೋಗಲಿಲ್ಲ. ಗ್ರೀಷ್ಮಾ ಮಲಯಾಳದಲ್ಲಿ ಓದಿದಳು. ಪ್ರಬಂಧದಲ್ಲಿ ಅವರ ಹೆಸರು ಏಳು ಸಲ ಬಂತು. ಒಂದು ಸಲ ಅಚ್ಚಾಗಲಿ ಎಂದು ಕಾತರಿಸಿದ ಹೆಸರು. ಪ್ರತಿ ಸಲವೂ ಅವರು ತಮ್ಮ ಮಂಡಿಯನ್ನೇ ನೋಡಿದರು. ಫೋನಿನಲ್ಲಿ ಹೇಳಿದ ಸುಳ್ಳಿನ ಭಾಗ ಬಂದಾಗ ಅವಳ ಧ್ವನಿ ತಗ್ಗಿತು. ಆದರೆ ಬಿಡದೆ ಓದಿದಳು.

ಪ್ರಶ್ನೆಗಳ ಸಮಯದಲ್ಲಿ ಅಜಿತ್ ಎದ್ದು ನಿಂತ.

“ಸಾರ್ ಇಲ್ಲೇ ಇದ್ದಾರೆ,” ಎಂದ. ಎಲ್ಲರೂ ಹಿಂದೆ ತಿರುಗಿದರು. “ಸಾರ್, 2009ರಲ್ಲಿ ನಾನು ನಿಮ್ಮನ್ನು ಕೇಳಿದ್ದೆ, ಈ ಹೆಸರು ಯಾಕೆ ಅಂತ. ಬೇಸಗೆ ಅಂದರೆ ಆತ್ಮದ ಬರ ಅಂದಿರಿ. ಅದನ್ನು ಬರೆದು ನಾನು ಪಾಸಾದೆ. ಹದಿನಾಲ್ಕು ವರ್ಷದಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ.”

ಸಭೆ ನಕ್ಕಿತು. ಅಜಿತನೂ ನಗುತ್ತಿದ್ದ. ಅದು ಕೆಟ್ಟ ನಗುವಾಗಿರಲಿಲ್ಲ. ಆದರೂ ತಿರುಮಲೇಶ್ವರರ ಕಿವಿ ಬಿಸಿಯಾಯಿತು.

“ಈಗ ಹೇಳಿ ಸಾರ್. ಬೇಸಗೆ ಅಂದರೆ ಏನು?”

ತಿರುಮಲೇಶ್ವರರು ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು.

“ಬೇಸಗೆ ಅಂದರೆ ಬೇಸಗೆ,” ಎಂದರು. “ಬಾವಿ ಬತ್ತುವ ಕಾಲ. ಆಗ ತಳದಲ್ಲಿ ಬಿದ್ದದ್ದು ಕಾಣುತ್ತದೆ.”

ಅಷ್ಟು ಹೇಳಿ ಕೂತರು. ವೇದಿಕೆಯ ಮೇಲೆ ಗ್ರೀಷ್ಮಾ ತನ್ನ ಹಾಳೆಯ ಅಂಚಿನಲ್ಲಿ ಏನನ್ನೋ ಬರೆದುಕೊಂಡಳು, ತಲೆಯೆತ್ತಿ ಅವರ ಕಡೆ ನೋಡಲಿಲ್ಲ.